ಲೆಕ್ಕಕ್ಕುಂಟು, ಆಟಕ್ಕಿಲ್ಲ

ನನಗೊಂದು ಚಾಳಿ ಇದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸೀಸನ್ ಶುರುವಾಯಿತೆಂದರೆ ಬೆಳಗ್ಗೆ ಎದ್ದ ಕೂಡಲೇ ಸ್ಕೋರ್ ನೋಡುವುದಿಲ್ಲ. ಯಾರು ಗೆದ್ದರು, ಯಾರು 40 ಪಾಯಿಂಟ್ ಹೊಡೆದರು ಅನ್ನುವುದೆಲ್ಲ ಆಮೇಲೆ. ಮೊದಲು ನೋಡುವುದು ಟ್ರಾನ್ಸಾಕ್ಷನ್ ಪಟ್ಟಿ. ಯಾವ ತಂಡ ಯಾರನ್ನು ತೆಗೆದುಕೊಂಡಿತು, ಯಾರನ್ನು ಬಿಟ್ಟಿತು, ಯಾರನ್ನು ಯಾರಿಗೆ ಕೊಟ್ಟಿತು ಅನ್ನುವ ಪಟ್ಟಿ. ಒಬ್ಬೊಬ್ಬರಿಗೆ ಒಂದೇ ಸಾಲು. ಹೆಸರು, ತಂಡ, 'ವೇವ್ಡ್'. ಅಷ್ಟೇ. ಒಬ್ಬ ಮನುಷ್ಯನ ಕೆಲಸ ಹೋಯಿತು ಅನ್ನುವುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಆಗುವುದಿಲ್ಲ.

ವರ್ಷಗಟ್ಟಲೆ ಹೀಗೆ ನೋಡುತ್ತಾ ಬಂದರೆ ಕೆಲವು ಹೆಸರುಗಳು ಪರಿಚಯಸ್ಥರ ಹಾಗೆ ಆಗಿಬಿಡುತ್ತವೆ. ನವೆಂಬರ್‌ನಲ್ಲಿ ಒಂದು ತಂಡ ಬಿಟ್ಟ ಹೆಸರು ಜನವರಿಯಲ್ಲಿ ಇನ್ನೊಂದು ತಂಡದ ಎದುರು ಕಾಣುತ್ತದೆ. ಅರೆ, ಇವನು ಮತ್ತೆ ಬಂದನಲ್ಲ ಅನ್ನಿಸುತ್ತದೆ. ಸ್ಟಾರ್‌ಗಳ ವಿಷಯ ಎಲ್ಲರಿಗೂ ಗೊತ್ತು. ನನಗೆ ಇಷ್ಟ ಆಗುವುದು ಈ ಜನ, ಕಾಲಿಗೆ ಚಕ್ರ ಕಟ್ಟಿಕೊಂಡವರು. ಬಹುಶಃ ನಾನೂ ಕಾಲೇಜಿನಲ್ಲಿ ಬೆಂಚು ಕಾದವನು ಅನ್ನುವುದಕ್ಕೆ ಇರಬೇಕು. ಅದರ ಕಥೆ ಆಮೇಲೆ ಹೇಳುತ್ತೇನೆ.

ಅಲ್ಲಿ ಇಂಥವರನ್ನು ಜರ್ನಿಮ್ಯಾನ್ ಅನ್ನುತ್ತಾರೆ. ಜರ್ನಿ ಅಂದರೆ ಪ್ರಯಾಣ, ಹಾಗಾಗಿ ಊರೂರು ಸುತ್ತುವವನು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅದು ತಪ್ಪು. ಆ ಪದದ ಬೇರು ಫ್ರೆಂಚಿನಲ್ಲಿ 'ದಿನ' ಅನ್ನುವ ಅರ್ಥದ ಪದ. ಕಸುಬು ಪೂರ್ತಿ ಕಲಿತಿದ್ದಾನೆ, ಶಿಷ್ಯನ ಕಾಲ ಮುಗಿದಿದೆ, ಆದರೆ ಸ್ವಂತ ಅಂಗಡಿ ಇಟ್ಟಿಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ದಿನದ ಲೆಕ್ಕಕ್ಕೆ ಕೂಲಿ ಮಾಡುತ್ತಾನೆ. ಅವನೇ ಜರ್ನಿಮ್ಯಾನ್. ಅಂದರೆ ನಮ್ಮ ಮಾತಿನಲ್ಲಿ ದಿನಗೂಲಿಯವನು. ಕೆಲಸ ಬರದವನಲ್ಲ, ಅಂಗಡಿ ಇಲ್ಲದವನು.

ಎನ್‌ಬಿಎಯಲ್ಲಿ ಈ ದಿನಗೂಲಿ ಬರೀ ಮಾತಿಗಲ್ಲ, ನಿಜವಾಗಿಯೂ ಇದೆ. ಅದರ ಹೆಸರು ಟೆನ್-ಡೇ ಕಾಂಟ್ರ್ಯಾಕ್ಟ್. ಪ್ರತಿ ವರ್ಷ ಜನವರಿ 5ರಿಂದ ತಂಡಗಳು ಯಾರನ್ನಾದರೂ ಹತ್ತು ದಿನದ ಮಟ್ಟಿಗೆ ಕರೆಸಿಕೊಳ್ಳಬಹುದು. ಹತ್ತು ದಿನ, ಅಥವಾ ಮೂರು ಪಂದ್ಯ, ಯಾವುದು ಜಾಸ್ತಿಯೋ ಅದು. ಹತ್ತು ದಿನ ಮುಗಿದರೆ ಇನ್ನೊಂದು ಹತ್ತು ದಿನ ಕೊಡಬಹುದು. ಆಮೇಲೆ ಅದೇ ತಂಡ ಮೂರನೇ ಸಲ ಹಾಗೆ ಮಾಡುವಂತಿಲ್ಲ. ಒಂದೋ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಹೋಗಿ ಬಾ ಅನ್ನಬೇಕು. ಇಪ್ಪತ್ತು ದಿನದ ಕೊನೆಗೆ ಆ ಆಟಗಾರ ಬೆಳಗ್ಗೆ ಪ್ರಾಕ್ಟೀಸ್‌ಗೆ ಹೋಗುವಾಗ ಹೋಟೆಲ್ ರೂಮಿನಲ್ಲಿ ಬಟ್ಟೆ ಬಿಚ್ಚಿಡಬೇಕೋ, ಬ್ಯಾಗ್ ಕಟ್ಟಿಡಬೇಕೋ ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ.

ಜನವರಿಯಲ್ಲಿ ಇನ್ನೊಂದು ತಾರೀಕು ಇದೆ. ಕೆಲವರ ಕಾಂಟ್ರ್ಯಾಕ್ಟ್ ವರ್ಷದ್ದೇ ಆದರೂ ಪೂರ್ತಿ ಖಾತ್ರಿ ಇರುವುದಿಲ್ಲ. ಜನವರಿ 10ಕ್ಕೆ ತಂಡದಲ್ಲಿ ಇನ್ನೂ ಇದ್ದರೆ ಉಳಿದ ಸೀಸನ್ನಿನ ಸಂಬಳ ಖಾತ್ರಿ. ಬಿಡಬೇಕಾದವರನ್ನು ಬಿಟ್ಟ ಮೇಲೆ ಎರಡು ದಿನ ವೇವರ್ಸ್ ಅಂತ ಕಾಯಬೇಕು, ಅಷ್ಟರೊಳಗೆ ಬೇರೆ ತಂಡ ಬೇಕೆಂದರೆ ಅದೇ ಕಾಂಟ್ರ್ಯಾಕ್ಟ್ ಸಮೇತ ಎತ್ತಿಕೊಳ್ಳಬಹುದು. ಹಾಗಾಗಿ ಕತ್ತಿ ಬೀಳುವುದು ಜನವರಿ 7ರ ಆಸುಪಾಸಿನಲ್ಲಿ. ಆ ವಾರ ನನ್ನ ಪಟ್ಟಿ ಉದ್ದವಾಗುತ್ತದೆ.

ಇವರ ಬಗ್ಗೆ ಅಯ್ಯೋ ಪಾಪ ಅನ್ನಬೇಕಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 2023-24ರ ಸೀಸನ್‌ನಲ್ಲಿ ಎನ್‌ಬಿಎಯ ಹೊಸಬನಿಗೆ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 11 ಲಕ್ಷ ಡಾಲರ್. ಹತ್ತು ದಿನದ ಲೆಕ್ಕದಲ್ಲಿ ಸುಮಾರು 64 ಸಾವಿರ ಡಾಲರ್. ಕಡಿಮೆ ದುಡ್ಡಲ್ಲ. ಆದರೆ ಒಂದು ಮೆಟ್ಟಿಲು ಕೆಳಗೆ ಜಿ ಲೀಗ್ ಇದೆ. ಅದು ಎನ್‌ಬಿಎಯದೇ ತರಬೇತಿ ಲೀಗ್, 2001ರಲ್ಲಿ ಎಂಟು ತಂಡಗಳಿಂದ ಶುರುವಾಗಿದ್ದು. ಅದೇ 2023-24ರಲ್ಲಿ ಅಲ್ಲಿ ಪೂರ್ತಿ ಸೀಸನ್ ಆಡಿದರೆ ಸಿಗುತ್ತಿದ್ದದ್ದು 40,500 ಡಾಲರ್. ಮೇಲೆ ಹತ್ತು ದಿನ ಸುಮ್ನೆ ಬೆಂಚಿನಲ್ಲಿ ಕೂತವನು, ಕೆಳಗೆ ತಿಂಗಳುಗಟ್ಟಲೆ ಬೆವರು ಸುರಿಸಿದವನಿಗಿಂತ ಜಾಸ್ತಿ ದುಡಿಯುತ್ತಾನೆ. ಆ ಒಂದು ಮೆಟ್ಟಿಲಿಗಾಗಿ ಮನುಷ್ಯ ಏನೇನು ಬಿಟ್ಟುಕೊಡುತ್ತಾನೆ ಅನ್ನುವುದೇ ನನಗೆ ಕುತೂಹಲ.

ಈ ದಿನಗೂಲಿಯವರ ಪೈಕಿ ದಾಖಲೆ ಇರುವುದು ಇಷ್ ಸ್ಮಿತ್ ಹೆಸರಿನಲ್ಲಿ. ಆರು ಅಡಿಯ ಹುಡುಗ, ಆ ಲೀಗ್‌ನಲ್ಲಿ ಅದು ಕುಳ್ಳು ಅಂತಲೇ ಲೆಕ್ಕ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2010ರ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದರು, ಇವನ ಹೆಸರು ಇರಲಿಲ್ಲ. ಹ್ಯೂಸ್ಟನ್ ಕರೆಯಿತು. ಅಲ್ಲಿಂದ ಮೆಂಫಿಸ್, ಗೋಲ್ಡನ್ ಸ್ಟೇಟ್, ಒರ್ಲಾಂಡೊ, ಮಿಲ್ವಾಕಿ, ಫೀನಿಕ್ಸ್, ಒಕ್ಲಹೋಮಾ ಸಿಟಿ, ಫಿಲಡೆಲ್ಫಿಯಾ. ಇದು ಮೊದಲ ಐದು ಸೀಸನ್‌ಗಳ ಪಟ್ಟಿ ಮಾತ್ರ. ಆಮೇಲೆ ನ್ಯೂ ಆರ್ಲಿಯನ್ಸ್, ಡೆಟ್ರಾಯಿಟ್, ವಾಷಿಂಗ್ಟನ್, ಷಾರ್ಲೆಟ್. 2022ರಲ್ಲಿ ಡೆನ್ವರ್ ಜೆರ್ಸಿ ತೊಟ್ಟಾಗ ಅದು ಹದಿಮೂರನೇ ತಂಡ. ಅದಕ್ಕೂ ಮೊದಲು ಹನ್ನೆರಡು ತಂಡಗಳ ದಾಖಲೆ ನಾಲ್ಕು ಜನರ ಹೆಸರಿನಲ್ಲಿತ್ತು: ಚಕ್ಕಿ ಬ್ರೌನ್, ಜಿಮ್ ಜಾಕ್ಸನ್, ಟೋನಿ ಮಾಸೆನ್‌ಬರ್ಗ್, ಜೋ ಸ್ಮಿತ್.

ಆ ಮೊದಲ ವರ್ಷಗಳ ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ಸುದ್ದಿಗಳನ್ನು ಒಮ್ಮೆ ಕೂತು ಹುಡುಕಿದೆ. 2011ರ ಫೆಬ್ರವರಿಯ ಸುದ್ದಿಯ ತಲೆಬರಹ ಶೇನ್ ಬ್ಯಾಟಿಯರ್ ಮೆಂಫಿಸ್‌ಗೆ ಅಂತ. 2013ರ ಫೆಬ್ರವರಿಯದು ಜೆ.ಜೆ. ರೆಡಿಕ್ ಮಿಲ್ವಾಕಿಗೆ ಅಂತ. ಎರಡೂ ಕಡೆ ಸುದ್ದಿಯ ಕೊನೆಗೆ, 'ಜೊತೆಗೆ ಇಷ್ ಸ್ಮಿತ್' ಅನ್ನುವ ಅರ್ಥದ ಒಂದು ಮಾತು. ಮದುವೆ ಪತ್ರಿಕೆಯ ಕೆಳಗೆ ಸಣ್ಣಕ್ಷರದಲ್ಲಿ 'ಹಾಗೂ ಬಂಧುಮಿತ್ರರು' ಅಂತ ಹಾಕುತ್ತಾರಲ್ಲ, ಹಾಗೆ.

ಆದರೆ ಒಂದು ಸಲ ತಲೆಬರಹ ಅವನದೇ ಆಗಿತ್ತು. 2015ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ಅವನನ್ನು ಸುಮ್ಮನೆ ಹೋಗಲು ಬಿಟ್ಟಿತ್ತು. ನ್ಯೂ ಆರ್ಲಿಯನ್ಸ್ ಸೇರಿದ. ಇತ್ತ ಫಿಲಡೆಲ್ಫಿಯಾ ಆಡಿದ 31 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ತಂಡದಲ್ಲಿ ಎತ್ತರದ ಹುಡುಗರಿದ್ದರು, ಅವರ ಕೈಗೆ ಸರಿಯಾದ ಹೊತ್ತಿಗೆ ಚೆಂಡು ಕೊಡುವವರೇ ಇರಲಿಲ್ಲ. ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ಎರಡನೇ ಸುತ್ತಿನ ಎರಡು ಡ್ರಾಫ್ಟ್ ಹಕ್ಕು ಕೊಟ್ಟು ಅದೇ ಇಷ್ ಸ್ಮಿತ್‌ನನ್ನು ವಾಪಸ್ ತಂದರು. ಆರು ತಿಂಗಳ ಹಿಂದೆ ಬಿಟ್ಟಿಗೆ ಬಿಟ್ಟವನು! 26ರಂದು ಫೀನಿಕ್ಸ್‌ನಲ್ಲಿ ಪಂದ್ಯ. ಆ ಫೀನಿಕ್ಸ್ ಕೂಡ ಅವನ ಹಳೇ ತಂಡವೇ. ಅಂದು ಫಿಲಡೆಲ್ಫಿಯಾ ಗೆದ್ದಿತು, ಆ ಸೀಸನ್ನಿನ ಎರಡನೇ ಗೆಲುವು. ಅವನು ಬಂದ ಮಾತ್ರಕ್ಕೆ ಆ ತಂಡ ಉದ್ಧಾರ ಆಯಿತು ಅಂತಲ್ಲ, ವರ್ಷದ ಕೊನೆಗೆ 10 ಗೆಲುವು, 72 ಸೋಲು. ಆದರೂ ಮರುವರ್ಷ ಡೆಟ್ರಾಯಿಟ್ ಅವನಿಗೆ ಮೂರು ವರ್ಷಕ್ಕೆ 1.8 ಕೋಟಿ ಡಾಲರ್ ಕೊಟ್ಟಿತು. ಅಷ್ಟು ದಿನ ಒಂದೇ ಊರಿನಲ್ಲಿ ನಿಂತದ್ದು ಅದೇ ಮೊದಲು.

ಇನ್ನು ಟ್ರೇಡ್ ಅನ್ನುವ ವ್ಯವಹಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಬರಹದ ಹೆಸರು ಬಂದದ್ದೇ ಅಲ್ಲಿಂದ. ನಾವೆಲ್ಲ ಚಿಕ್ಕವರಿದ್ದಾಗ ಆಟಕ್ಕೆ ಸೇರಿಸಿಕೊಂಡೂ ಸೇರಿಸಿಕೊಳ್ಳದ ಪುಟ್ಟ ಮಕ್ಕಳಿರುತ್ತಿದ್ದರಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಎನ್‌ಬಿಎಯಲ್ಲಿ ಈ ಮಾತು ತಲೆಕೆಳಗು. ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ ದಾಟಿದ ತಂಡ ಒಬ್ಬ ದೊಡ್ಡ ಆಟಗಾರನನ್ನು ತರಬೇಕೆಂದರೆ, ಹೆಚ್ಚುಕಡಿಮೆ ಅಷ್ಟೇ ಸಂಬಳದ ಆಟಗಾರರನ್ನು ಆ ಕಡೆ ಕಳಿಸಬೇಕು. ತಕ್ಕಡಿ ಸಮ ಆಗಬೇಕು. ಒಂದು ತಟ್ಟೆಯಲ್ಲಿ ಸ್ಟಾರ್, ಇನ್ನೊಂದು ತಟ್ಟೆಯಲ್ಲಿ ತೂಕದ ಕಲ್ಲುಗಳು. ಆ ಕಲ್ಲುಗಳೇ ನಮ್ಮ ಜರ್ನಿಮ್ಯಾನ್‌ಗಳು. ತಂಡಕ್ಕೆ ಅವನ ಆಟ ಬೇಕಾಗಿರುವುದಿಲ್ಲ, ಅವನ ಸಂಬಳದ ಅಂಕಿ ಬೇಕಾಗಿರುತ್ತದೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದು ಎಲ್ಲಿಯವರೆಗೆ ಹೋಗಬಹುದು ಅಂತ ನೋಡಬೇಕಾದರೆ 2008ರ ಫೆಬ್ರವರಿಗೆ ಹೋಗಬೇಕು. ಜೇಸನ್ ಕಿಡ್‌ನನ್ನು ನ್ಯೂಜೆರ್ಸಿಯಿಂದ ತರಲು ಡಲ್ಲಾಸ್ ಹೊರಟಿತ್ತು. ತಕ್ಕಡಿ ಸಮ ಆಗುತ್ತಿರಲಿಲ್ಲ. ಆಗ ಅವರಿಗೆ ಕೀತ್ ವ್ಯಾನ್ ಹಾರ್ನ್ ನೆನಪಾದ. 2006ರ ನಂತರ ಅವನು ಕೋರ್ಟಿಗೇ ಇಳಿದಿರಲಿಲ್ಲ, ಮನೆಯಲ್ಲಿದ್ದ. ಆದರೆ ಕಾಗದದಲ್ಲಿ ಅವನ ಹಕ್ಕು ಇನ್ನೂ ಡಲ್ಲಾಸ್ ಬಳಿ ಇತ್ತು. ಅವನ ಜೊತೆ ಹೊಸ ಕಾಂಟ್ರ್ಯಾಕ್ಟ್ ಮಾಡಿ ಆ ಕೂಡಲೇ ನ್ಯೂಜೆರ್ಸಿಗೆ ಸಾಗಹಾಕಿದರು. ಒಂದು ಚೆಂಡೂ ಮುಟ್ಟದೆ ಸುಮಾರು 43 ಲಕ್ಷ ಡಾಲರ್. ಅದೇ ತಿಂಗಳ ಮೊದಲ ದಿನ ಪಾವ್ ಗಸೋಲ್‌ನನ್ನು ಮೆಂಫಿಸ್‌ನಿಂದ ತರಲು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡ ಮಾಡಿದ್ದೂ ಇದೇ ಉಪಾಯ. ಅಲ್ಲಿ ತೂಕದ ಕಲ್ಲು ಏರನ್ ಮೆಕ್ಕಿ. ಅವನು ಆಗ ಫಿಲಡೆಲ್ಫಿಯಾದಲ್ಲಿ ಸಂಬಳವಿಲ್ಲದೆ ಕೋಚ್‌ಗಳಿಗೆ ಸಹಾಯ ಮಾಡಿಕೊಂಡಿದ್ದ. 2001ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಬದಲಿ ಆಟಗಾರ ಅನ್ನಿಸಿಕೊಂಡ ಮನುಷ್ಯ. ಓದಿದಾಗ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಇವರಿಬ್ಬರ ಪುಣ್ಯ ದೊಡ್ಡದು. ಆಟ ಮುಗಿಸಿದ ಮೇಲೆ ತೂಕಕ್ಕೆ ಹೋದರು. ಉಳಿದವರು ಆಡುವ ವಯಸ್ಸಿನಲ್ಲೇ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ಸಾಮಾನು ಸಾಗಿಸುವ ಖರ್ಚು, ಕೆಲವು ವಾರದ ಹೋಟೆಲ್ ಖರ್ಚು ಹೊಸ ತಂಡ ಕೊಡುತ್ತದೆ. ಮಗನಿಗೆ ಹೊಸ ಗೆಳೆಯರನ್ನು ಯಾರೂ ಕೊಡುವುದಿಲ್ಲ.

ಸರಿ, ಹೊಸ ಊರು ತಲುಪಿದ. ಮುಂದೇನು? ಇಲ್ಲಿಂದ ಶುರುವಾಗುವುದೇ ಇವರ ನಿಜವಾದ ಕಸುಬು ಅಂತ ನನಗೆ ಅನ್ನಿಸುವುದು.

ಒಂದು ಸಣ್ಣ ಉದಾಹರಣೆ. ಎದುರಾಳಿ ಚೆಂಡು ಹಿಡಿದು ಕೋರ್ಟಿನ ಒಂದು ಪಕ್ಕದಲ್ಲಿದ್ದಾನೆ. ಅವನಿಗೆ ದಾರಿ ಮಾಡಿಕೊಡಲು ಅವನ ಜೊತೆಗಾರನೊಬ್ಬ ಬಂದು ಗೋಡೆಯ ಹಾಗೆ ನಿಲ್ಲುತ್ತಾನೆ, ಅದು ಸ್ಕ್ರೀನ್. ಚೆಂಡಿನವನನ್ನು ತಡೆಯಲು ಕಾಯುವವನಿಗೆ ಆ ಗೋಡೆ ಕಾಣುವುದಿಲ್ಲ, ಬೆನ್ನ ಹಿಂದಿರುತ್ತದೆ. ಅದನ್ನು ನೋಡಿ ಕೂಗಿ ಹೇಳಬೇಕಾದವನು ಹಿಂದೆ ನಿಂತ ಎತ್ತರದ ಆಟಗಾರ. ಈಗ ಇದನ್ನು ತಡೆಯಲು ಒಂದು ಉಪಾಯ ಇದೆ: ಕಾಯುವವನು ತಟ್ಟನೆ ತಿರುಗಿ ಸ್ಕ್ರೀನ್ ಕಡೆಯ ದಾರಿಗೆ ಅಡ್ಡ ನಿಂತು, ಚೆಂಡಿನವನನ್ನು ನಡುವಿಗೆ ಬಿಡದೆ ಅಂಚಿನ ಗೆರೆಯತ್ತಲೇ ತಳ್ಳುವುದು. ಇದೇ ಉಪಾಯಕ್ಕೆ ಒಂದು ತಂಡದಲ್ಲಿ 'ಐಸ್' ಅನ್ನುತ್ತಾರೆ. ಇನ್ನೊಂದರಲ್ಲಿ 'ಬ್ಲೂ'. ಮತ್ತೊಂದರಲ್ಲಿ 'ಡೌನ್'. ನಿನ್ನೆಯವರೆಗೆ ಐಸ್ ಅಂದರೆ ತಿರುಗುತ್ತಿದ್ದ ಕಾಲು ಇವತ್ತು ಬ್ಲೂ ಅಂದರೆ ತಿರುಗಬೇಕು. ಅರ್ಧ ಸೆಕೆಂಡ್ ಯೋಚಿಸಿದರೂ ಎದುರಾಳಿ ದಾಟಿ ಹೋಗಿರುತ್ತಾನೆ. ಟಿವಿಯಲ್ಲಿ ಕೂತು ನೋಡುವ ನಾವು, ಇವನಿಗೆ ಡಿಫೆನ್ಸ್ ಬರುವುದಿಲ್ಲ ಅನ್ನುತ್ತೇವೆ. ಪಾಪ, ಅವನಿಗೆ ಬರದಿದ್ದದ್ದು ಆ ಮನೆಯ ಭಾಷೆ. ಇಂಥವು ಒಂದೆರಡಲ್ಲ, ಪ್ರತಿ ತಂಡದಲ್ಲೂ ಒಂದು ಪುಸ್ತಕದಷ್ಟು. ಬುಧವಾರ ಬಂದವನು ಶುಕ್ರವಾರದ ಪಂದ್ಯಕ್ಕೆ ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಹದಿಮೂರು ತಂಡ ಅಂದರೆ ಹದಿಮೂರು ಸಲ ಹಳೆಯದನ್ನು ಮರೆತು ಹೊಸದನ್ನು ಕಲಿಯುವುದು.

ಆದರೆ ಭಾಷೆ ಕಲಿಯುವುದು ಇದರಲ್ಲಿ ಸುಲಭದ ಭಾಗ. ಕಷ್ಟದ್ದು ಬೇರೆ ಇದೆ. ಎನ್‌ಬಿಎಯ ಕೊನೆಯ ಬೆಂಚಿನಲ್ಲಿ ಕೂತಿರುವವನೂ ಒಂದು ಕಾಲದಲ್ಲಿ ತನ್ನ ಶಾಲೆಯಲ್ಲಿ, ತನ್ನ ಕಾಲೇಜಿನಲ್ಲಿ ರಾಜನಾಗಿದ್ದವನೇ. ಆಟ ಅವನ ಸುತ್ತ ತಿರುಗುತ್ತಿತ್ತು. ಜೋ ಸ್ಮಿತ್‌ನನ್ನೇ ನೋಡಿ. 1995ರಲ್ಲಿ ಅವನು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ವರ್ಷದ ಆಟಗಾರ. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊತ್ತಮೊದಲ ಹೆಸರು ಅವನದು, ಮುಂದೆ ದೊಡ್ಡ ಸ್ಟಾರ್ ಆದ ಕೆವಿನ್ ಗಾರ್ನೆಟ್ ಹೆಸರು ಬಂದದ್ದು ಐದನೆಯದಾಗಿ. ಆ ಜೋ ಸ್ಮಿತ್ ಕೊನೆಗೆ ಹನ್ನೆರಡು ತಂಡ ಸುತ್ತಿದ. ನಡುವೆ ಮಿನ್ನೆಸೋಟ ತಂಡ ಅವನ ಜೊತೆ ಗುಟ್ಟಾಗಿ ಮಾಡಿಕೊಂಡಿದ್ದ ಒಪ್ಪಂದ 2000ರಲ್ಲಿ ಬಯಲಾಗಿ, ಲೀಗ್ ಆ ತಂಡಕ್ಕೆ 35 ಲಕ್ಷ ಡಾಲರ್ ದಂಡ ಹಾಕಿ, ಅವನ ಕಾಂಟ್ರ್ಯಾಕ್ಟನ್ನೇ ರದ್ದು ಮಾಡಿತು. ಜನ ಅವನನ್ನು ಸೋತವನ ಲೆಕ್ಕಕ್ಕೆ ಹಾಕುತ್ತಾರೆ. ಮೊದಲ ಹೆಸರು ಅಲ್ವಾ, ಹಾಗಾಗಿ. ನಾನು ಒಪ್ಪುವುದಿಲ್ಲ. ರಾಜ ಆಗಲಿಲ್ಲ ಅಂತ ಗೊತ್ತಾದ ಮೇಲೂ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಅಂದರೆ ರೀಬೌಂಡ್ ಹಿಡಿದುಕೊಂಡು, ಸ್ಕ್ರೀನ್ ಹಾಕಿಕೊಂಡು, ಒಟ್ಟು 16 ಸೀಸನ್ ಆಡಿದ. ಮೊದಲ ಹೆಸರಾಗಿ ಬಂದವರಲ್ಲಿ ಎಷ್ಟು ಜನರಿಗೆ ಹೀಗೆ ಚಿಕ್ಕವರಾಗಲು ಬರುತ್ತದೆ?

ಈ ಚಿಕ್ಕವನಾಗುವ ವಿದ್ಯೆಯನ್ನು ನಾನು ಅತಿ ಹತ್ತಿರದಿಂದ ನೋಡಿದ್ದು ಪಿ.ಜೆ. ಟಕರ್ ಆಟದಲ್ಲಿ. ಟೆಕ್ಸಾಸ್ ಯೂನಿವರ್ಸಿಟಿಯಲ್ಲಿ ಆಡುವಾಗ, 2006ರಲ್ಲಿ, ತನ್ನ ಕಾನ್ಫರೆನ್ಸ್‌ನ, ಅಂದರೆ ಆ ಕಾಲೇಜು ತಂಡಗಳ ಗುಂಪಿನ, ವರ್ಷದ ಆಟಗಾರ. ಆರಡಿ ಐದಿಂಚು ಇದ್ದುಕೊಂಡು, ತನಗಿಂತ ಎತ್ತರದವರ ನಡುವೆ ನುಗ್ಗಿ ಬುಟ್ಟಿಯ ಕೆಳಗೇ ಪಾಯಿಂಟ್ ಮಾಡುತ್ತಿದ್ದ. ಟೊರಾಂಟೊ 35ನೇ ಆಯ್ಕೆಯಾಗಿ ತೆಗೆದುಕೊಂಡಿತು. ವರ್ಷ ತುಂಬುವ ಮೊದಲೇ ಬಿಟ್ಟಿತು. ಎನ್‌ಬಿಎಯಲ್ಲಿ ಆ ಎತ್ತರಕ್ಕೆ ಆ ಆಟ ನಡೆಯುವುದಿಲ್ಲ. ಅವನು ಗಂಟುಮೂಟೆ ಕಟ್ಟಿದ. ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ. ಐದು ವರ್ಷ.

ಯುರೋಪಿನ ಆ ಬದುಕಿನ ಬಗ್ಗೆ ಒಂದು ಮಾತು. ಅಲ್ಲಿನ ಕ್ಲಬ್‌ಗಳು ಸಾಮಾನ್ಯವಾಗಿ ಸಂಬಳದ ಜೊತೆ ಮನೆ, ಕಾರು ಕೊಡುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಸಂಬಳ ಸರಿಯಾಗಿ ಬರುತ್ತದೆ ಅನ್ನುವ ಖಾತ್ರಿ ಎಲ್ಲ ಕಡೆ ಇಲ್ಲ. ಸೋಲು ಜಾಸ್ತಿಯಾದರೆ ಸಂಬಳ ನಿಧಾನ ಆಗುತ್ತದೆ. ಬಾಕಿ ಉಳಿಸಿಕೊಂಡ ಕ್ಲಬ್‌ಗಳ ಮೇಲೆ ಆಟಗಾರರು ದೂರು ಕೊಡುವುದು ಎಷ್ಟು ಜಾಸ್ತಿಯಾಯಿತೆಂದರೆ 2007ರಲ್ಲಿ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಇದಕ್ಕೆಂದೇ ಜಿನೀವಾದಲ್ಲಿ ಒಂದು ಪಂಚಾಯ್ತಿ ಕಟ್ಟೆ ಹಾಕಿತು. ಪಂಚಾಯ್ತಿ ಅಂತ ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ಸಾಮಾನ್ಯವಾಗಿ ಯಾವ ದೇಶದ ಕಾನೂನನ್ನೂ ಹಿಡಿದು ಕೂರುವುದಿಲ್ಲ. ಎರಡೂ ಕಡೆಯ ಮಾತು ಕೇಳಿ, ನ್ಯಾಯ ಅನ್ನಿಸಿದ್ದನ್ನು ಹೇಳುತ್ತಾರೆ. ತೀರ್ಪಿಗೆ ತಲೆಬಾಗದ ಕ್ಲಬ್ ಹೊಸ ಆಟಗಾರರನ್ನು ತರದಂತೆ ಫಿಬಾ ತಡೆಯಬಹುದು.

ಟಕರ್ 2012ರಲ್ಲಿ ವಾಪಸ್ ಬಂದ. ಫೀನಿಕ್ಸ್ ಕರೆಯಿತು. ಬಂದವನು ಹೋದವನಲ್ಲ. ಕಾಲೇಜಿನಲ್ಲಿ ದೂರದಿಂದ ಮೂರು ಪಾಯಿಂಟಿನ ಹೊಡೆತ, ಅಂದರೆ ತ್ರೀ-ಪಾಯಿಂಟರ್, ಹೊಡೆಯುವುದೇ ಅಪರೂಪ ಇದ್ದವನು ಈಗ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದ. ಆ ಮೂಲೆ ಎಂಥ ಜಾಗ ಗೊತ್ತಾ? ಎನ್‌ಬಿಎ ಕೋರ್ಟಿನಲ್ಲಿ ತ್ರೀ-ಪಾಯಿಂಟ್ ಗೆರೆ ಎದುರಿನಿಂದ 23 ಅಡಿ 9 ಇಂಚು ದೂರ, ಮೂಲೆಯಲ್ಲಿ ಮಾತ್ರ 22 ಅಡಿ. ಹಾಗಾಗಿ ಅಲ್ಲಿಂದ ಹೊಡೆತ ಸ್ವಲ್ಪ ಸುಲಭ. ಆದರೆ ಆ ಗೆರೆಗೂ ಅಂಚಿನ ಗೆರೆಗೂ ನಡುವೆ ಬರೀ ಮೂರು ಅಡಿ. ದೊಡ್ಡ ಪಾದದ ಮನುಷ್ಯ ಅಲ್ಲಿ ನಿಂತರೆ ಹಿಂದೆ ಒಂದಿಂಚು ಸರಿದರೂ ಔಟ್, ಮುಂದೆ ಒಂದಿಂಚು ತುಳಿದರೂ ಮೂರರ ಬದಲು ಎರಡು ಪಾಯಿಂಟ್. ಹ್ಯೂಸ್ಟನ್‌ನಲ್ಲಿದ್ದಾಗ ಟಕರ್ ಆ ಮೂರಡಿ ಪಟ್ಟಿಯಲ್ಲಿ ಮೊಣಕಾಲು ಬಗ್ಗಿಸಿ, ಎದೆಯ ಮುಂದೆ ಎರಡೂ ಕೈ ತೆರೆದು ನಿಲ್ಲುತ್ತಿದ್ದ. ತಂಡದ ಸ್ಟಾರ್ ಜೇಮ್ಸ್ ಹಾರ್ಡನ್ ಆ ಕಡೆ ಚೆಂಡು ತಟ್ಟುತ್ತಾ, ತಟ್ಟುತ್ತಾ ಇರುತ್ತಿದ್ದ. ಇಪ್ಪತ್ತು ಸೆಕೆಂಡ್. ಹೆಚ್ಚಿನ ಸಲ ಚೆಂಡು ಬರುತ್ತಲೇ ಇರಲಿಲ್ಲ. ಆಗ ತಿರುಗಿ ಓಡಿ, ಎದುರಾಳಿಯ ಅತಿ ದೊಡ್ಡ ಆಟಗಾರನ ಮೈಗೆ ಮೈ ಕೊಟ್ಟು ನಿಲ್ಲುತ್ತಿದ್ದ. ಮತ್ತೆ ವಾಪಸ್ ಮೂಲೆ. ಮೂಲೆಯಿಂದ ಬಿದ್ದ ತ್ರೀಗಳಲ್ಲಿ ಆ ಕಾಲದಲ್ಲಿ ಇಡೀ ಲೀಗ್‌ಗೇ ಮುಂದಿದ್ದದ್ದು ಅವನು. 2021ರಲ್ಲಿ, 36ನೇ ವಯಸ್ಸಿನಲ್ಲಿ, ಮಿಲ್ವಾಕಿ ಜೊತೆ ಚಾಂಪಿಯನ್ ಆದ.

ಅವನನ್ನು ನೋಡುವಾಗೆಲ್ಲ ನನಗೆ ನಮ್ಮ ಕಾಲೇಜು ತಂಡದ ಹನ್ನೊಂದನೇ ನಂಬರಿನವನು ನೆನಪಾಗುತ್ತಿದ್ದ.

ನಾನು ತಂಡಕ್ಕೆ ಆಯ್ಕೆಯಾದಾಗ ಶಾಲೆಯಲ್ಲಿ ಬಹುಮಾನ ಹೊಡೆದವನು ಅನ್ನುವ ಗತ್ತು ಇತ್ತು. ಕೋಚ್ ಮೊದಲ ದಿನವೇ ಹೇಳಿದರು: 'ನೀನು ಶೂಟ್ ಮಾಡೋದು ಬೇಡ. ಸ್ಕ್ರೀನ್ ಹಾಕು, ಓಡಿ ವಾಪಸ್ ಬಾ. ಅಷ್ಟು ಮಾಡಿದ್ರೆ ಆಡಿಸ್ತೀನಿ.' ಹೂಂ ಸರ್ ಅಂದೆ. ಕೋರ್ಟಿಗೆ ಇಳಿದ ಮೇಲೆ ಚೆಂಡು ಕೈಗೆ ಬಂತು, ಶೂಟ್ ಮಾಡಿದೆ. ಮುಂದಿನ ಪಂದ್ಯದಲ್ಲೂ ಮಾಡಿದೆ. ಕೆಲವು ಬಿದ್ದವು ಕೂಡ, ಅದೇ ನನ್ನ ಗ್ರಹಚಾರ. ಬೀಳದಿದ್ದರೆ ಬುದ್ಧಿ ಬರುತ್ತಿತ್ತೋ ಏನೋ. ಮರುವರ್ಷದ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ನನ್ನ ಜಾಗಕ್ಕೆ ಬಂದವನು ಹನ್ನೊಂದನೇ ನಂಬರು. ಅವನಿಗೆ ನನ್ನಷ್ಟು ಶೂಟಿಂಗ್ ಬರುತ್ತಿರಲಿಲ್ಲ. ಆದರೆ ಐದೂ ಜನ ಎಲ್ಲೆಲ್ಲಿ ನಿಲ್ಲಬೇಕು ಅನ್ನುವುದು ಅವನಿಗೆ ಗೊತ್ತಿರುತ್ತಿತ್ತು. ಕೋಚ್ ಏನು ಹೇಳಿದರೋ ಅದು, ಅಷ್ಟೇ. ಅವನನ್ನು ನಾವು ಕೋಚ್ ಚಮಚಾ ಅನ್ನುತ್ತಿದ್ದೆವು. ಕರೆದವರಲ್ಲಿ ನನ್ನ ದನಿಯೇ ಜೋರು. ಅವನು ಕಾಲೇಜು ಮುಗಿಯುವವರೆಗೂ ಆಡಿದ. ನಾನು ಗ್ಯಾಲರಿಯಲ್ಲಿ ಕೂತು ನೋಡಿದೆ.

ಇದನ್ನು ಬರೆಯುವಾಗ ಒಂದು ಅನುಮಾನವೂ ಬರುತ್ತದೆ. ಚಿಕ್ಕವನಾದರೆ ಉಳಿಯುತ್ತಾನೆ ಅಂತ ಹೇಳಿಬಿಟ್ಟರೆ, ಚಿಕ್ಕವನಾದರೂ ಉಳಿಯದವರ ಕಥೆ ಏನು? ಆಂಡ್ರೆ ಇಂಗ್ರಾಮ್ ಹೆಸರು ಕೆಲವರಿಗೆ ನೆನಪಿರಬಹುದು. ಫಿಸಿಕ್ಸ್ ಓದಿದವನು, ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ, ಜಿ ಲೀಗ್‌ನಲ್ಲಿ ಹತ್ತು ವರ್ಷ, 384 ಪಂದ್ಯ. ಆ ಲೀಗ್‌ನಲ್ಲಿ ಅವನಷ್ಟು ತ್ರೀ ಹಾಕಿದವರೇ ಇರಲಿಲ್ಲ. ಆಗ ಅಲ್ಲಿನ ಸಾಮಾನ್ಯ ಆಟಗಾರನ ಸಂಬಳ ವರ್ಷಕ್ಕೆ 26 ಸಾವಿರ ಡಾಲರ್ ಮೀರುತ್ತಿರಲಿಲ್ಲ. 2018ರ ಏಪ್ರಿಲ್‌ನಲ್ಲಿ, ಸೀಸನ್ ಮುಗಿಯಲು ಎರಡೇ ಪಂದ್ಯ ಬಾಕಿ ಇದ್ದಾಗ, ಲೇಕರ್ಸ್ ಅವನನ್ನು ಕರೆಯಿತು. ವಯಸ್ಸು 32, ತಲೆಯಲ್ಲಿ ನರೆ. ಏಪ್ರಿಲ್ 10ರಂದು ಹ್ಯೂಸ್ಟನ್ ಎದುರು ಇಳಿದು 19 ಪಾಯಿಂಟ್ ಹೊಡೆದ. ಹೊಡೆದ ಐದು ತ್ರೀಗಳಲ್ಲಿ ನಾಲ್ಕು ಬಿದ್ದವು. ಸ್ಟೇಡಿಯಂ ಪೂರ್ತಿ ಎಂವಿಪಿ, ಎಂವಿಪಿ ಅಂತ ಕೂಗಿತು, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬಿರುದು ಅದು.

ಆ ವಿಡಿಯೊ ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ, ಒಟ್ಟು 450 ಕುರ್ಚಿ. 450ನೆಯವನಿಗೂ 451ನೆಯವನಿಗೂ ಆಟದಲ್ಲಿ ಏನು ವ್ಯತ್ಯಾಸ? ಒಬ್ಬರ ಮೊಣಕಾಲು ಯಾವ ವಾರ ಉಳುಕುತ್ತದೆ, ಆ ವಾರ ಯಾರ ಫೋನ್ ರಿಂಗ್ ಆಗುತ್ತದೆ, ಅಷ್ಟೇ. ಇಂಗ್ರಾಮ್ ಆ ರಾತ್ರಿ ಮಾಡಿದ್ದನ್ನು ಐದು ವರ್ಷ ಮೊದಲೂ ಮಾಡಬಲ್ಲವನಾಗಿದ್ದ. ಮರುದಿನ ಇನ್ನೊಂದು ಪಂದ್ಯ, 5 ಪಾಯಿಂಟ್, ಸೀಸನ್ ಮುಗಿಯಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಮತ್ತೊಂದು ಹತ್ತು ದಿನ. ಎನ್‌ಬಿಎಯಲ್ಲಿ ಅವನು ಆಡಿದ್ದು ಒಟ್ಟು 6 ಪಂದ್ಯ.

ಟೋನಿ ಮಾಸೆನ್‌ಬರ್ಗ್ ಕಥೆ ಇದಕ್ಕೆ ಉಲ್ಟಾ. 1990ರಲ್ಲಿ 43ನೇ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ಸೇರಿದ. ಅಲ್ಲಿಂದ ಹೊರಟು ಊರೆಲ್ಲ ಸುತ್ತಿ, 2005ರಲ್ಲಿ ಅದೇ ಸ್ಯಾನ್ ಆಂಟೋನಿಯೊದಲ್ಲಿ ಚಾಂಪಿಯನ್ ಉಂಗುರ ತೊಟ್ಟ. ಇಷ್ ಸ್ಮಿತ್‌ಗೂ ಉಂಗುರ ಸಿಕ್ಕಿತು, 2023ರಲ್ಲಿ, ಆ ಹದಿಮೂರನೇ ತಂಡದಲ್ಲಿ. ಡೆನ್ವರ್ ಇತಿಹಾಸದಲ್ಲೇ ಅದು ಮೊದಲ ಪ್ರಶಸ್ತಿ. ಪ್ರಶಸ್ತಿಗಾಗಿ ಸೀಸನ್ ಕೊನೆಗೆ ನಡೆಯುವ ಆ ಪ್ಲೇಆಫ್‌ನಲ್ಲಿ ಅವನು ಹೆಚ್ಚು ಹೊತ್ತು ಇದ್ದದ್ದು ಬೆಂಚಿನಲ್ಲೇ. ಅಂದ ಹಾಗೆ, ಡೆನ್ವರ್‌ಗೆ ಅವನು ಬಂದದ್ದೂ ಒಂದು ಟ್ರೇಡ್‌ನಲ್ಲೇ. ತಲೆಬರಹದಲ್ಲಿ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್, ಕೆಳಗೆ 'ಜೊತೆಗೆ ಇಷ್ ಸ್ಮಿತ್'.

ಹೋದ ವರ್ಷ ನಮ್ಮ ಹಳೇ ತಂಡದವರೆಲ್ಲ ಸೇರಿ ಒಂದು ಪಂದ್ಯ ಆಡಿದೆವು. ಹೊಟ್ಟೆ ಬಂದಿದೆ, ಮಂಡಿ ನೋವಿದೆ, ಆದರೂ ಆಡಿದೆವು. ಹನ್ನೊಂದನೇ ನಂಬರಿನವನೂ ಬಂದಿದ್ದ. ಆಟ ಶುರುವಾಗುವ ಮೊದಲೇ ಎಲ್ಲರನ್ನೂ ಗುಂಪು ಸೇರಿಸಿ, ನೀನಿಲ್ಲಿ, ನೀನಲ್ಲಿ ಅಂತ ಹೇಳತೊಡಗಿದ. ಏನೂ ಬದಲಾಗಿರಲಿಲ್ಲ. ನನ್ನ ಸರದಿ ಬಂದಾಗ ಒಂದು ಕ್ಷಣ ನನ್ನ ಮುಖ ನೋಡಿ, 'ಲೋ, ನೀನು ಕಾರ್ನರ್‌ಗೆ ಹೋಗು, ನಾನು ಕೊಡೋವರೆಗೂ ಬರಬೇಡ' ಅಂದ.

ಹೋಗಿ ನಿಂತೆ. ಮಂಡಿ ಬಗ್ಗಿಸಿ, ಕೈ ಎದೆಯ ಮುಂದೆ ತೆರೆದು, ಟಕರ್ ಹಾಗೆ. ನಗಬೇಡಿ. ಹತ್ತು ನಿಮಿಷದಲ್ಲಿ ಚೆಂಡು ಎರಡು ಸಲ ಬಂತು. ಮೊದಲ ಸಲ ಎದುರಿಗೆ ಕೈ ಕಂಡಿತು, ವಾಪಸ್ ಅವನಿಗೇ ಕೊಟ್ಟೆ. ಅವನು ಹುಬ್ಬೇರಿಸಿ ನೋಡಿದ. ಎರಡನೇ ಸಲ ಯಾರೂ ಇರಲಿಲ್ಲ. ಶೂಟ್ ಮಾಡಿದೆ.

ರಿಮ್ಮಿಗೂ ತಾಗಲಿಲ್ಲ. ಅಷ್ಟು ಹೊತ್ತಿಗೆ ಅವನು ಬುಟ್ಟಿಯ ಕೆಳಗೆ ಬಂದು ನಿಂತಿದ್ದ, ಚೆಂಡು ನೇರ ಅವನ ಕೈಗೇ ಬಿತ್ತು.